ಹಿತ್ತಲ ಮೆಟ್ಟಿಲ ಕುಂಡಕ್ಕೆ ಬಂದ ಇರುವೆಗಳು

ಬಸವಕಲ್ಯಾಣ
ಭಾನುವಾರ, ೧೭ ನವೆಂಬರ್ ೨೦೨೪

ಪ್ರೀತಿಯ ಅತ್ತೆಗೆ,

ನಿಮ್ಮ ಸೊಸೆ ಮನೀಷಾ ಮಾಡುವ ಜೈಭೀಮ್. ನಿಮ್ಮ ಮೊಣಕಾಲು ಈಗ ಹೇಗಿದೆ? ಮಗಳ ಬಾಣಂತನಕ್ಕೆಂದು ಹೋಗಿ ಸೋಲಾಪುರದ ಆ ಮನೆಯಲ್ಲಿ ಮೂರು ಅಂತಸ್ತು ಹತ್ತಿ ಇಳಿದು ನಿಮಗೆ ಬಾವು ಬಂದಿದೆ ಎಂದು ಸ್ನೇಹಲ ಹೇಳಿದಳು. ಕಾಲಿಗೆ ತಿಕ್ಕುವ ಎಣ್ಣೆಯನ್ನು, ನಾಳೆ ಸಾಮಾನಿನ ಗಾಡಿ ತೆಗೆದುಕೊಂಡು ಅಲ್ಲಿಗೆ ಬರುವ ಅಜೀತನ ಚೀಲದಲ್ಲಿ ಇಟ್ಟಿದ್ದೇನೆ, ಜೊತೆಗೆ ಶೇಂಗಾ ಹಿಂಡಿ ಮತ್ತು ಹತ್ತು ಕಟಕ ರೊಟ್ಟಿ. ಎಂಟು ತಿಂಗಳಿಗೇ ಹುಟ್ಟಿದ ಕೂಸು ಎರಡೂವರೆ ಕಿಲೋ ದಾಟಿತೆಂದು ಕೇಳಿ ಇಲ್ಲಿ ಎಲ್ಲರ ಜೀವ ತಣ್ಣಗಾಯಿತು. ಸ್ನೇಹಲಳಿಗೆ ಹಾಲು ಸಾಲುತ್ತದೆಯೇ? ಅವಳನ್ನು ಮಲಗಿಸಿ ನೀವು ಮಾತ್ರ ದಿನವಿಡೀ ನಿಂತೇ ಇರುತ್ತೀರಿ ಎಂದು ನನಗೆ ಗೊತ್ತು. ಸ್ವಲ್ಪ ಕುಳಿತುಕೊಳ್ಳಿ. ಈ ಪತ್ರವನ್ನಾದರೂ ಕುಳಿತೇ ಓದಿ.

ಫೋನು ಇರುವಾಗ ಪತ್ರ ಯಾಕೆ ಎಂದು ನಿಮಗೆ ಅನ್ನಿಸಬಹುದು. ಫೋನಿನಲ್ಲಿ ನಿಮಗೆ ಕೇಳಿಸಬೇಕೆಂದರೆ ನಾನು ಓಣಿಗೆಲ್ಲ ಕೇಳುವ ಹಾಗೆ ಕೂಗಬೇಕು. ಅಲ್ಲಿ ಸ್ನೇಹಲಳ ಅತ್ತೆ ಫೋನಿನ ಸ್ಪೀಕರ್ ಹಾಕಿ ಪಕ್ಕದಲ್ಲೇ ಕೂರುತ್ತಾರೆ. ಇದು ಕೂಗಿ ಹೇಳುವ ವಿಷಯ ಅಲ್ಲ. ಸಾಕ್ಷರತಾ ತರಗತಿಯಲ್ಲಿ ಕಲಿತ ನಿಮ್ಮ ಓದು ನಿಧಾನವಾದರೂ ಗಟ್ಟಿ. ಅದಕ್ಕೇ ಅಕ್ಷರ ದೊಡ್ಡದಾಗಿ, ಬಿಡಿಸಿ ಬಿಡಿಸಿ ಬರೆಯುತ್ತಿದ್ದೇನೆ. ಸ್ನೇಹಲಳ ಕೈಗೆ ಕೊಟ್ಟು ಓದಿಸಬೇಡಿ, ಹಸಿ ಬಾಣಂತಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಮಾವ ಮನೆಯಲ್ಲೇ ಇದ್ದಾರೆ, ಉಣ್ಣುತ್ತಾರೆ, ನಡೆದಾಡುತ್ತಾರೆ. ಇದನ್ನು ತಿಳಿದುಕೊಂಡು ಮುಂದೆ ಓದಿ.

ಶುರುವಾಗಿದ್ದು ನಿಮ್ಮ ದಪ್ಪೆಲೆ ಗಿಡಗಳಿಂದ. ಹೆಡ್‌ಮಾಸ್ತರರ ಮನೆಯಲ್ಲಿ ಕಸ ಗುಡಿಸುವಾಗ ಬಿದ್ದಿದ್ದ ಒಂದೇ ಒಂದು ಎಲೆಯನ್ನು ಸೆರಗಿಗೆ ಕಟ್ಟಿಕೊಂಡು ಬಂದು, ಅದರಿಂದ ಶುರು ಮಾಡಿ ನೀವು ನಲವತ್ತೊಂದು ಕುಂಡ ಬೆಳೆಸಿದಿರಿ. ಹೋಗುವಾಗ ನನಗೆ ಹೇಳಿದ್ದು ಎರಡೇ ಮಾತು, ನೀರು ಹೆಚ್ಚು ಹಾಕಬೇಡ, ಮುಟ್ಟಿ ಮುಟ್ಟಿ ನೋಡಬೇಡ. ನಾನು ಹಾಗೇ ಇದ್ದೆ. ನೀವು ಹೋಗಿ ಹದಿನೈದು ದಿನ ಆಗಿರಬೇಕು, ಕಟ್ಟೆಯ ಮೇಲಿನ ಜೇಡ್ ಗಿಡದ ಎಲೆಗಳು ಎಣ್ಣೆ ಸವರಿದ ಹಾಗೆ ಹೊಳೆಯುತ್ತಿದ್ದವು. ಚೆನ್ನಾಗಿ ಬೆಳೆದಿದೆ ಎಂದುಕೊಂಡು ಹೆಮ್ಮೆಯಿಂದ ಮುಟ್ಟಿದರೆ ಬೆರಳು ಅಂಟಿಕೊಂಡಿತು. ಕೈ ಎಳೆದುಕೊಂಡೆ. ಕೆಳಗಿನ ಫರಸಿ ಕೂಡ ಅಂಟಂಟು, ಚಪ್ಪಲಿ ಎತ್ತಿದರೆ ಪಟ್ ಪಟ್ ಎನ್ನುತ್ತಿತ್ತು. ಮೂರು ದಿನದಲ್ಲಿ ಆ ಅಂಟಿನ ಮೇಲೆ ಕಾಡಿಗೆಯಂಥ ಕಪ್ಪು ಕೂತಿತು, ಇರುವೆ ಸಾಲುಗಟ್ಟಿದವು. ಏನಿರಬಹುದು ಎಂದು ಬೆರಳನ್ನು ನಾಲಿಗೆಗೆ ಹಚ್ಚಿ ನೋಡಿದೆ. ಸಿಹಿ ಇತ್ತು.

ಸಿಹಿ ಎಂದ ಕೂಡಲೇ ನನ್ನ ತಲೆಗೆ ಬಂದದ್ದು ಮಾವನ ಚಹಾ. ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಕಪ್ಪಿನಲ್ಲಿ ಉಳಿದದ್ದನ್ನು ಬೀಸಿ ಚೆಲ್ಲುವುದು ಅವರ ಅಭ್ಯಾಸ, ನಿಮಗೆ ಗೊತ್ತೇ ಇದೆ. ಅವತ್ತು ಬಟ್ಟೆ ಒಗೆದು ದಣಿದಿದ್ದೆ, ನೀವು ಬಂದು ಏನು ಅನ್ನುತ್ತೀರೋ ಎಂಬ ಹೆದರಿಕೆ ಬೇರೆ. ಪಕ್ಕದ ಮನೆಯ ವಜೀರಬಿ ಚಾಚಿಯ ಎದುರಿಗೇ ಕೇಳಿಬಿಟ್ಟೆ, "ಮಾವಾ, ಗಿಡಕ್ಕ ಚಹಾ ಸುರುವ್ಯಾಕತ್ತೀರೇನ್ರಿ? ಅತ್ತಿ ಬಂದು ನನ್ನ ಕೇಳ್ತಾರ್ರಿ." ಮಾವ ಕಪ್ಪು ಎತ್ತಿಕೊಂಡು ಒಳಗೆ ಹೋದರು. ಮರುದಿನದಿಂದ ಕಟ್ಟೆಗೆ ಬರುವುದನ್ನೇ ಬಿಟ್ಟು ಹಿತ್ತಲಲ್ಲಿ ಗೋಡೆಗೆ ಮುಖ ಮಾಡಿ ಚಹಾ ಕುಡಿಯತೊಡಗಿದರು. ನಿಮ್ಮ ಮಗ ರತ್ನದೀಪ ಅದನ್ನು ನೋಡಿ ನನ್ನ ಜೊತೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಆದರೆ ಎಲೆಗಳ ಅಂಟು ಹೋಗಲಿಲ್ಲ. ಹತ್ತು ಕುಂಡದಲ್ಲಿದ್ದದ್ದು ಇಪ್ಪತ್ತಕ್ಕೆ ಹಬ್ಬಿತು.

ಆಗ ಒಂದು ಜೇಡ್ ಕುಂಡವನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿ ಹುಮನಾಬಾದಿಗೆ ಹೋದೆ. ಅಲ್ಲಿ ಕಲ್ಲಿನಾಥ ಅಣ್ಣನ ನರ್ಸರಿ ಇದೆಯಲ್ಲ, ನೀವು ಮಣ್ಣು ತರುತ್ತಿದ್ದದ್ದು, ಅಲ್ಲಿಗೆ. ಅವರು ಕುಂಡವನ್ನು ಪೂರ್ತಿ ನೋಡಲೂ ಇಲ್ಲ. ಎಲೆ ಮಗುಚಿ, ಎಲೆ ಕಾಂಡಕ್ಕೆ ಸೇರುವ ಸಂದಿಯಲ್ಲಿ ಕಸಬರಿಗೆ ಕಡ್ಡಿ ಆಡಿಸಿ, ಅರಳೆಯಂಥ ಬಿಳಿ ಉಂಡೆಯೊಂದನ್ನು ತೆಗೆದು ನನ್ನ ಅಂಗೈ ಮೇಲೆ ಹಾಕಿದರು. ಅದು ನಡೆಯಿತು. ಕೈ ಕೊಡವಿಕೊಂಡೆ. "ಚಹಾ ಅಲ್ಲ ತಂಗಿ, ಹಿಟ್ಟು ತಿಗಣಿ ಇದು. ಎಲಿ ರಸಾ ಕುಡಿತಾವ, ಹೆಚ್ಚಾದದ್ದು ಸಕ್ರಿ ನೀರಾಗಿ ಹಿಂದಿನಿಂದ ಬೀಳ್ತದ. ಅದೇ ಈ ಅಂಟು" ಎಂದರು. ನಾಲಿಗೆಗೆ ಹಚ್ಚಿದ್ದು ನೆನಪಾಗಿ ಅಲ್ಲೇ ನಲ್ಲಿಯ ಹತ್ತಿರ ಹೋಗಿ ಬಾಯಿ ಮುಕ್ಕಳಿಸಿದೆ. ಅದಕ್ಕಿಂತ ಹೆಚ್ಚಾಗಿ ಕುಟುಕಿದ್ದು ಇನ್ನೊಂದು ಮಾತು. ಇತ್ತೀಚೆಗೆ ಹೊಸ ಗಿಡ ಏನಾದರೂ ತಂದಿರಾ ಎಂದು ಅವರು ಕೇಳಿದರು. ತಂದವಳು ನಾನೇ. ಮಾಣಿಕನಗರಕ್ಕೆ ಹೋದಾಗ ಅಂಗಡಿಯ ಮುಂದೆ ಚೆಂದ ಕಂಡ ಪುಟ್ಟ ಕುಂಡವೊಂದನ್ನು ತಂದು, ನಿಮಗೆ ತೋರಿಸಬೇಕೆಂದು ನಿಮ್ಮ ಗಿಡಗಳ ನಡುವೆಯೇ ಇಟ್ಟಿದ್ದೆ. ಹೊಸದನ್ನು ಇಪ್ಪತ್ತು ದಿನವಾದರೂ ಬೇರೆ ಇಡಬೇಕಂತೆ. ಹುಳ ತಂದವಳು ನಾನು, ಬೈಸಿಕೊಂಡವರು ಮಾವ.

ಮನೆಗೆ ಬಂದು ಮಾವನ ಮುಂದೆ ನಿಂತು ತಪ್ಪಾಯಿತು ಎಂದೆ. ಅವರು ನಕ್ಕರು. "ತೊಗರಿಗೂ ಬೀಳ್ತದ, ಹತ್ತಿಗೂ ಬೀಳ್ತದ ಈ ಹುಳ. ಮೊದಲಾದ್ರ ದೂರದಿಂದ ನೋಡೇ ಹೇಳ್ತಿದ್ದೆ. ಈಗ ಕಾಣಲಿಲ್ಲ ನೋಡವ್ವಾ ನನಗ" ಎಂದರು. ಘಾಟಬೋರಾಳದ ಹೊಲಗಳಲ್ಲಿ ನಲವತ್ತು ವರ್ಷ ದುಡಿದ ಮನುಷ್ಯನಿಗೆ ಕೈಯಳತೆಯಲ್ಲಿದ್ದ ಬಿಳಿ ಉಂಡೆ ಯಾಕೆ ಕಾಣಲಿಲ್ಲ ಎಂದು ನಾನು ಆಗಲೇ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ವಯಸ್ಸು ಎಂದುಕೊಂಡೆ.

ಮೂರು ವಾರ ನಾವಿಬ್ಬರೂ ಅದೇ ಕೆಲಸ ಮಾಡಿದೆವು. ಅಂಟು ಇದ್ದ ಕುಂಡಗಳನ್ನೆಲ್ಲ ಬೇರೆ ಮಾಡಿ ಹಿತ್ತಲಿನ ನೆರಳಿಗೆ ಒಯ್ದೆವು. ಕಡ್ಡಿಗೆ ಅರಳೆ ಸುತ್ತಿ, ಔಷಧ ಅಂಗಡಿಯ ಸ್ಪಿರಿಟ್‌ನಲ್ಲಿ ಅದ್ದಿ, ಸಂದಿ ಸಂದಿಯ ಹುಳ ಒರೆಸಿದೆವು. ಮೊದಲು ಒಂದು ಎಲೆಗೆ ಮಾತ್ರ ಹಚ್ಚಿ, ಮರುದಿನ ಅದು ಸುಟ್ಟಿಲ್ಲ ಎಂದು ನೋಡಿಕೊಂಡು ಆಮೇಲೆ ಉಳಿದವಕ್ಕೆ. ಎಲೆ ಮೇಲಿನ ಅಂಟು, ಕಪ್ಪು ಎಲ್ಲ ಒದ್ದೆ ಬಟ್ಟೆಗೆ ಬಂತು. ಬಿಸಿಲು ಇಳಿದ ಮೇಲೆ ನೀರಿಗೆ ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು, ಚೂರು ಬೇವಿನೆಣ್ಣೆ ಕಲಸಿ ಎಲೆಯ ಕೆಳಗೆಲ್ಲ ಹೊಡೆದೆವು. ಒಂದು ಸಲಕ್ಕೆ ಮುಗಿಯುವುದಿಲ್ಲ, ಮೊಟ್ಟೆ ಉಳಿದಿರುತ್ತವೆ ಎಂದು ಕಲ್ಲಿನಾಥ ಅಣ್ಣ ಹೇಳಿದ್ದರಿಂದ ವಾರಕ್ಕೊಮ್ಮೆ ಮತ್ತೆ ಮತ್ತೆ ಮಾಡಿದೆವು. ಕೆಲವನ್ನು ಕುಂಡದಿಂದ ಕಿತ್ತು ಬೇರು ನೋಡಿದರೆ ಅಲ್ಲಿಯೂ ಬಿಳಿ ಬಿಳಿ. ಅವುಗಳ ಬೇರು ತೊಳೆದು, ಒಣಗಿಸಿ, ಹೊಸ ಮಣ್ಣಿಗೆ ಹಾಕಿದೆ. ಆ ಗಡಿಬಿಡಿಯಲ್ಲಿ ನನ್ನ ಕೈಯಿಂದ ಒಂದು ಮಣ್ಣಿನ ಕುಂಡ ಜಾರಿ ಒಡೆಯಿತು. ಚೂರು ಬಳಿದು ಹಾಕಿದೆ. ಎಲ್ಲವೂ ಬಂತು ಎಂದುಕೊಂಡೆ. ಮಾವ ಬರಿಗಾಲಲ್ಲೇ ಓಡಾಡುತ್ತಿದ್ದರು. ಗುಲಾಬಿ ಹೂವಿನಂತೆ ಅರಳುವ ನಿಮ್ಮ ಬೂದುಬಣ್ಣದ ಗಿಡ ಇದೆಯಲ್ಲ, ಅದರ ಮೈಮೇಲಿನ ಪುಡಿ ಅದರದೇ, ಒರೆಸಬಾರದು. ಮಾವ ಹುಳ ಎಂದುಕೊಂಡು ಪೂರ್ತಿ ತಿಕ್ಕಿಬಿಟ್ಟರು. ಬೇಜಾರು ಮಾಡಿಕೊಳ್ಳಬೇಡಿ, ಹೊಸ ಎಲೆ ಬರುತ್ತಿದೆ. ಮೂರು ಗಿಡ ಸತ್ತವು, ಮೂವತ್ತೆಂಟು ಉಳಿದವು.

ಉಳಿದವುಗಳಲ್ಲಿ ಒಂದು ಮಾತ್ರ ನನ್ನ ತಲೆ ತಿಂದಿತು. ಹಿತ್ತಲ ಮೆಟ್ಟಿಲ ಪಕ್ಕದಲ್ಲಿ ಎಣ್ಣೆ ಡಬ್ಬಿಯಲ್ಲಿ ನೀವು ಹಾಕಿದ ದೊಡ್ಡ ಲೋಳಸರ. ಬೇರೆಲ್ಲ ಕುಂಡದ ಇರುವೆ ಹೋದರೂ ಅದರ ಇರುವೆ ಹೋಗಲಿಲ್ಲ, ದಿನದಿಂದ ದಿನಕ್ಕೆ ಹೆಚ್ಚಾದವು. ಎಲೆ ಮಗುಚಿದೆ, ಸಂದಿ ಕೆದಕಿದೆ, ಬೇರು ತೊಳೆದೆ, ಮಣ್ಣು ಬದಲಿಸಿದೆ. ಒಂದು ಹುಳವೂ ಇಲ್ಲ. ಫೋಟೋ ತೆಗೆದು ಕಲ್ಲಿನಾಥ ಅಣ್ಣನಿಗೆ ಕಳಿಸಿದೆ. ಅವರೇ ಫೋನ್ ಮಾಡಿದರು. "ಗಿಡದಾಗ ಏನೂ ಇಲ್ಲ ತಂಗಿ. ಇರಿವಿ ಎಲಿಗೆ ಹತ್ತಿಲ್ಲ ನೋಡ್ರಿ, ಮಣ್ಣಿಗೆ ಬಂದಾವ. ಅಲ್ಲಿ ಯಾರ ಏನ ಸುರುವ್ತಾರ, ಅದನ್ನ ನೋಡ್ರಿ" ಎಂದರು. ಮತ್ತೆ ಯಾರನ್ನೂ ಕೇಳುವ ಧೈರ್ಯ ನನಗಿರಲಿಲ್ಲ. ಒಮ್ಮೆ ಕೇಳಿ ಸಾಕಾಗಿತ್ತು.

ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ ಅತ್ತೆ, ಆದರೆ ಬರೆಯದೆ ದಾರಿಯಿಲ್ಲ. ನವೆಂಬರ್ ಒಂದನೇ ತಾರೀಖು ಬೆಳಿಗ್ಗೆ ಆರಕ್ಕೆ ನಲ್ಲಿ ನೀರು ಬಂತೆಂದು ಕೊಡ ಹಿಡಿದು ಹಿತ್ತಲ ಬಾಗಿಲು ತೆಗೆದೆ. ಮಾವ ಆ ಡಬ್ಬಿಯ ಮುಂದೆ ಗೋಡೆ ಹಿಡಿದು ನಿಂತಿದ್ದರು, ಧೋತರ ಎತ್ತಿಕೊಂಡು. ನಾನು ಹಾಗೇ ಹಿಂದೆ ಸರಿದು ಬಾಗಿಲು ಎಳೆದುಕೊಂಡೆ. ಕೊಡ ಕೈಯಿಂದ ಜಾರಿ ಸದ್ದಾಯಿತು, ಅವರಿಗೂ ಗೊತ್ತಾಯಿತು. ಕಕ್ಕಸಿಗೆ ಆರು ಮೆಟ್ಟಿಲು ಇಳಿಯಬೇಕು, ಅವರಿಗೆ ರಾತ್ರಿಯಿಡೀ ನಾಲ್ಕು ಸಲ, ಐದು ಸಲ ಏಳಬೇಕಾಗುತ್ತಿತ್ತಂತೆ. ಅದು ನನಗೆ ಆಮೇಲೆ ತಿಳಿಯಿತು. ಅವತ್ತು ಮಾತ್ರ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವರು ಉಪಾಹಾರಕ್ಕೂ ಬರಲಿಲ್ಲ.

ಮಧ್ಯಾಹ್ನ ವಜೀರಬಿ ಚಾಚಿ ಮೆಂತೆ ಸೊಪ್ಪು ಬಿಡಿಸುತ್ತ ಕೂತಿದ್ದಾಗ ಮೆಲ್ಲಗೆ ವಿಷಯ ತೆಗೆದೆ. ಮುದುಕರಿಗೆ ಹೇಗೆ ಹೇಳುವುದು, ಹೆಂಗಸರು ಓಡಾಡುವ ಜಾಗ ಎಂದು ಕೇಳಬೇಕೆಂದಿದ್ದೆ, ಅಷ್ಟೇ. ಇರುವೆಯ ಮಾತು ಬಂದ ಕೂಡಲೇ ಚಾಚಿಯ ಕೈ ನಿಂತಿತು. ಎಷ್ಟು ದಿನದಿಂದ ಎಂದು ಕೇಳಿದರು. ನೀರು ಬಹಳ ಕುಡಿಯುತ್ತಾರಾ, ಮೈ ಇಳಿದಿದೆಯಾ ಎಂದು ಕೇಳಿದರು. ಎಲ್ಲಕ್ಕೂ ಹೌದು, ಹೌದು ಎನ್ನುತ್ತ ಹೋದೆ. ಎರಡು ತಿಂಗಳಲ್ಲಿ ಅವರ ಅಂಗಿ ಗೂಟಕ್ಕೆ ನೇತು ಹಾಕಿದಂತೆ ಕಾಣುತ್ತಿತ್ತು, ದಿನಾ ನೋಡುವ ನನಗೇ ಕಂಡಿರಲಿಲ್ಲ. "ಬೇಟಾ, ಇದು ಗಿಡದ ಬಿಮಾರಿ ಅಲ್ಲ. ನಮ್ಮ ಮನಿಯವರಿಗೂ ಹೀಂಗೇ ಇರಿವಿನೇ ಮೊದಲ ಹೇಳಿದ್ದು. ಶುಗರ್ ಅದ ಅವರಿಗೆ. ನಾಳೆನೇ ಕರ್ಕೊಂಡು ಹೋಗು" ಎಂದರು. ಚಾಚಿಯ ಗಂಡ ಸಿರಾಜುದ್ದೀನ್ ಚಾಚಾನ ಕಣ್ಣು ಹೋದದ್ದು ಇದರಿಂದಲೇ ಎಂದು ನನಗೆ ಅವತ್ತೇ ಗೊತ್ತಾದದ್ದು.

ದವಾಖಾನೆ ಎಂದರೆ ಮಾವ ಹೊಸ್ತಿಲು ದಾಟುವವರಲ್ಲ. ಇವರು, ನಿಮ್ಮ ಮಗ, ರಾತ್ರಿ ಊಟಕ್ಕೆ ಕೂತಾಗ ಕೇಳಿದರೆ, ನನಗೇನೂ ಆಗಿಲ್ಲ ಎಂದು ಮಾವ ತಾಟು ಸರಿಸಿ ಎದ್ದರು. ಅದಕ್ಕೇ ಸುಳ್ಳು ಹೇಳಿದೆ. ಲೋಳಸರದ ರೋಗ ಗೊತ್ತಾಗುತ್ತಿಲ್ಲ, ಕಲ್ಲಿನಾಥ ಅಣ್ಣ ಗಿಡವನ್ನೇ ತರಲು ಹೇಳಿದ್ದಾರೆ, ಭಾರ ಇದೆ, ನೀವು ಬನ್ನಿ ಎಂದೆ. ಅತ್ತೆ, ಅವರು ಬಸ್ಸಿನಲ್ಲಿ ಹುಮನಾಬಾದಿನವರೆಗೂ ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದರು. ಸೀಟು ಇದ್ದರೂ ಕೆಳಗಿಡಲಿಲ್ಲ, ನಿಮ್ಮ ಹೆಸರು ಹಿಡಿದೇ ಸುಗಂಧಾಳ ಗಿಡ, ಮುರಿದರೆ ಏನು ಹೇಳಲಿ ಎಂದರು. ನರ್ಸರಿಯ ದಾರಿ ಬಿಟ್ಟು ರಕ್ತ ಪರೀಕ್ಷೆ ಮಾಡುವ ಅಂಗಡಿಯ ಮುಂದೆ ನಾನು ನಿಂತಾಗ ಅವರಿಗೆ ಅರ್ಥವಾಯಿತು. "ಗಿಡದ ಹೆಸರ ಹೇಳಿ ನನ್ನ ಕರ್ಕೊಂಡು ಬಂದೀ" ಎಂದರು. "ಹೌದ್ರಿ ಮಾವ" ಎಂದೆ. ಡಬ್ಬಿ ಕೆಳಗಿಟ್ಟು ಬೆಂಚಿನ ಮೇಲೆ ಕೂತು ಕೈ ಚಾಚಿದರು. ಶುಗರ್ ನಾನೂರ ಅರವತ್ತೆರಡು ಬಂತು. ಸೂಜಿ ಚುಚ್ಚಿದವನು ಯಂತ್ರ ಕೆಟ್ಟಿದೆಯೇನೋ ಎಂದು ಇನ್ನೊಂದು ಬೆರಳಿಗೆ ಚುಚ್ಚಿ ನೋಡಿದ. ಅಷ್ಟೇ ಬಂತು.

ಅಲ್ಲಿಂದ ನೇರ ದವಾಖಾನೆಗೆ. ಡಾಕ್ಟರಬಾಯಿ ಮೊದಲು ಕಾಲು ತೋರಿಸಿ ಎಂದರು. ಮಾವ ಬಲಗಾಲು ಎತ್ತಿ ಮಂಚದ ಮೇಲಿಟ್ಟರು. ಕಿರುಬೆರಳಿನ ಬುಡ ಕಪ್ಪಾಗಿ, ಪಾದದ ಕೆಳಗೆ ಬಿರಿದು ಕೀವು ಕಟ್ಟಿತ್ತು. ಚಿಮಟದಲ್ಲಿ ಹಿಡಿದು ಎಳೆದರೆ ಒಳಗಿಂದ ಉಗುರಿನಷ್ಟು ದೊಡ್ಡ ಮಣ್ಣಿನ ಚೂರು ಬಂತು. ನಾನು ಒಡೆದ ಕುಂಡದ್ದು. ಇಪ್ಪತ್ತು ದಿನ ಅದರ ಮೇಲೆ ಕಾಲೂರಿ ನಡೆದಿದ್ದಾರೆ, ನನ್ನ ಜೊತೆ ಎಲೆ ಒರೆಸಿದ್ದಾರೆ. ಡಾಕ್ಟರಬಾಯಿ ಚೂರು ತೆಗೆಯುವಾಗಲೂ ಮಾವ ತಿರುಗುವ ಫ್ಯಾನು ನೋಡುತ್ತಿದ್ದರು, ಮುಖದಲ್ಲಿ ನೋವಿನ ಗೆರೆಯೂ ಇರಲಿಲ್ಲ. ಕಾಲಿಗೆ ಸ್ಪರ್ಶವೇ ಹೋಗಿದೆ ಎಂದು ಡಾಕ್ಟರಬಾಯಿ ಹೇಳಿದರು. ಆಮೇಲೆ ಅವರು ಶುಗರ್ ಎಷ್ಟು ದಿನದಿಂದ ಎಂದು ಕೇಳಿದರು. ಇವತ್ತೇ ಗೊತ್ತಾದದ್ದು ಎಂದು ನಾನು ಹೇಳುತ್ತಿದ್ದೆ. ಮಾವ ಫ್ಯಾನಿನಿಂದ ಕಣ್ಣು ತೆಗೆಯದೆ, "ಎರಡ ವರ್ಷ ಆತ್ರಿ" ಎಂದರು.

ಎರಡು ವರ್ಷ, ಅತ್ತೆ. ನಿಮ್ಮ ಕಣ್ಣಿನ ಪೊರೆ ತೋರಿಸಲು ಇಬ್ಬರೂ ತಪಾಸಣೆ ಶಿಬಿರಕ್ಕೆ ಹೋಗಿದ್ದಿರಲ್ಲ, ಅವತ್ತೇ ಅವರಿಗೂ ರಕ್ತ ನೋಡಿ ಚೀಟಿ ಕೊಟ್ಟಿದ್ದರಂತೆ. ನಿಮಗೆ ಆಪರೇಷನ್ ಆಗಬೇಕು ಎಂದು ಕೇಳಿ ನೀವು ಅಳುತ್ತಿದ್ದಿರಂತೆ, ಅದರ ಮೇಲೆ ಇದನ್ನೂ ಎಲ್ಲಿ ಹೇಳುವುದು ಎಂದು ಚೀಟಿ ಹರಿದು ಹಾಕಿದರಂತೆ. ಆಮೇಲೆ ಹೇಳಲು ಆಗಲೇ ಇಲ್ಲವಂತೆ. ಇವರು ಕೆಲಸ ಬಿಟ್ಟು ಓಡಿ ಬಂದಾಗ ನಾನು ಕೈಯಲ್ಲಿ ಆ ಚೂರು ಹಿಡಿದೇ ಇದ್ದೆನಂತೆ.

ಏಳು ದಿನ ದವಾಖಾನೆಯಲ್ಲಿದ್ದರು. ಕಿರುಬೆರಳು ತೆಗೆಯಬೇಕಾಯಿತು. ಇದನ್ನು ಓದಿ ಎದೆ ಒಡೆದುಕೊಳ್ಳಬೇಡಿ. ಇನ್ನೊಂದು ವಾರ ತಡವಾಗಿದ್ದರೆ ಪಾದವೇ ಹೋಗುತ್ತಿತ್ತು ಎಂದು ಡಾಕ್ಟರಬಾಯಿ ನಮ್ಮಿಬ್ಬರನ್ನೂ ಕರೆದು ಹೇಳಿದರು. ಗಾಯ ಈಗ ಒಣಗುತ್ತಿದೆ. ದಿನಕ್ಕೊಂದು ಇನ್ಸುಲಿನ್ ಸೂಜಿ, ಬೆಳಿಗ್ಗೆ. ಹೇಗೆ ಚುಚ್ಚುವುದೆಂದು ನನಗೂ ಇವರಿಗೂ ನರ್ಸಬಾಯಿ ಕಲಿಸಿದ್ದಾರೆ. ಚಹಾಕ್ಕೆ ಸಕ್ಕರೆ ಬಂದ್ ಮಾಡಿದ್ದೇನೆ, ಕಾಲಿಗೆ ಮೆತ್ತನೆ ಚಪ್ಪಲಿ ತಂದಿದ್ದೇವೆ, ರಾತ್ರಿ ಮೂತ್ರಕ್ಕೆ ಬೇಕೆಂದು ಮಂಚದ ಪಕ್ಕದಲ್ಲೇ ಬೇರೊಂದು ಡಬ್ಬಿ ಇಟ್ಟಿದ್ದೇವೆ. ಈಗ ಸಂಜೆ ಮತ್ತೆ ಕಟ್ಟೆಗೆ ಬಂದು ಕೂರುತ್ತಾರೆ. ನಿಮಗೆ ತಿಳಿಸಬಾರದು, ತಿಳಿದರೆ ಎಳೆ ಕೂಸನ್ನು ಬಿಟ್ಟು ಬರುತ್ತೀರಿ ಎಂದು ಮಾವ ನಮ್ಮಿಬ್ಬರಿಂದಲೂ ಮಾತು ತೆಗೆದುಕೊಂಡಿದ್ದರು. ಫೋನಿನಲ್ಲಿ ಎಲ್ಲ ಚೆನ್ನಾಗಿದೆ ಎಂದು ನಾನು ಹೇಳಿದಾಗಲೆಲ್ಲ ಅವರು ಪಕ್ಕದಲ್ಲೇ ಕೂತಿರುತ್ತಿದ್ದರು. ಇವತ್ತು ನಾನೇ ಜಿದ್ದು ಮಾಡಿದೆ, ಬೆರಳು ಹೋದದ್ದನ್ನು ನೀವು ಬಂದು ಕಣ್ಣಿಂದ ನೋಡುವ ಮೊದಲು ಕಿವಿಗೆ ಬೀಳಲಿ ಎಂದೆ. ಹಾಗಾದರೆ ಬರಬೇಡ ಅಂತಲೂ ಬರೆ ಎಂದರು. ಬರೆಯುತ್ತಿದ್ದೇನೆ: ಮಾವ ಆರಾಮ ಇದ್ದಾರೆ, ಕೂಸಿಗೆ ಮೂರು ತಿಂಗಳು ತುಂಬುವ ತನಕ ನೀವು ಅಲ್ಲೇ ಇರಬೇಕಂತೆ.

ಸ್ನೇಹಲಳಿಗೂ ಒಮ್ಮೆ ರಕ್ತ ನೋಡಿಸಿ, ತಂದೆಗೆ ಇದ್ದರೆ ಮಕ್ಕಳೂ ನೋಡಿಸಿಕೊಳ್ಳಬೇಕಂತೆ. ಇವರದು ಸದ್ಯಕ್ಕೆ ಸರಿ ಇದೆ. ಅವಳ ಅತ್ತೆ ಮಾವನಿಗೆ ನಮ್ಮ ನಮಸ್ಕಾರ ತಿಳಿಸಿ, ಕೂಸಿನ ಅಂಗಾಲಿಗೆ ನನ್ನ ಮುತ್ತು. ನಿಮ್ಮ ಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳಿ.

ನಿಮ್ಮ ಸೊಸೆ,
ಮನೀಷಾ

ತಾ.ಕ.: ಸೋಮವಾರ ಬೆಳಿಗ್ಗೆ. ಅಜೀತ ಗಾಡಿ ಚಾಲೂ ಮಾಡಿ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಮೇಲೆ ಆರಾಮ ಎಂದು ಬರೆದದ್ದು ನಿಜವಲ್ಲ, ನನಗೇ ಈಗ ಗೊತ್ತಾಯಿತು. ಸೂಜಿಯ ಪೊಟ್ಟಣ ತೆಗೆದರೆ ಮೂರೇ ಖರ್ಚಾಗಿವೆ, ಮನೆಗೆ ಬಂದು ಒಂಬತ್ತು ದಿನ. ಮಾವ ನನ್ನ ಹತ್ತಿರ ರತ್ನದೀಪ ಚುಚ್ಚಿ ಹೋದ ಎನ್ನುತ್ತಿದ್ದರು, ಇವರ ಹತ್ತಿರ ಮನೀಷಾ ಚುಚ್ಚುತ್ತಾಳೆ ಎನ್ನುತ್ತಿದ್ದರು. ಇಬ್ಬರೂ ನಂಬಿದೆವು. ಚಾಚಿಯ ಯಂತ್ರದಲ್ಲಿ ಈಗ ನೋಡಿದರೆ ಮುನ್ನೂರ ತೊಂಬತ್ತು. ಕೇಳಿದ್ದಕ್ಕೆ ಗೋಡೆಗೆ ತಿರುಗಿ ಮಲಗಿ, "ಅಕಿ ಬರಲಿ, ಆಮ್ಯಾಲ ನೋಡೂಣು" ಎಂದರು. ಇವರು ಈಗಲೇ ಹುಮನಾಬಾದಿಗೆ ಕರೆದೊಯ್ಯುತ್ತಿದ್ದಾರೆ. ಕೂಸನ್ನು ನಾಲ್ಕು ದಿನ ಸ್ನೇಹಲಳ ಅತ್ತೆ ನೋಡಿಕೊಳ್ಳಲಿ. ಅಜೀತ ಸಾಮಾನು ಇಳಿಸಿ ಸಂಜೆಯೇ ತಿರುಗಿ ಬರುತ್ತಾನೆ, ಅದೇ ಗಾಡಿಯಲ್ಲಿ ಬನ್ನಿ. ನೀವು ಬರುತ್ತೀರಿ ಎಂದು ನಾನು ಮಾವನಿಗೆ ಹೇಳಿಬಿಟ್ಟಿದ್ದೇನೆ.